ಮಾತು ಬಂದ ಕೂಡಲೇ ಸುಳ್ಳು ಹೇಳಿದ ಬೆಕ್ಕು

ನಾವು ಪುಣ್ಯಕೋಟಿಯ ಹಾಡು ಕೇಳಿ ಬೆಳೆದವರು. ನಮ್ಮ ಕಥೆಯಲ್ಲಿ ಹಸುವಿಗೆ ಮಾತು ಬಂದರೆ ಅದು ಸತ್ಯವನ್ನೇ ಆಡುತ್ತದೆ. ಕೊಟ್ಟ ಮಾತಿಗೆ ತಪ್ಪದೆ ಬಂದು ಹುಲಿಯ ಮುಂದೆ ನಿಲ್ಲುತ್ತದೆ. ನಾನು ಈಗ ಹೇಳಹೊರಟಿರುವ 'ದ ರಬ್ಬೀಸ್ ಕ್ಯಾಟ್' ಎಂಬ ಪುಸ್ತಕದಲ್ಲಿ ಒಂದು ಬೆಕ್ಕಿದೆ. ಮನೆಯಲ್ಲಿದ್ದ ಗಿಳಿಯನ್ನು ತಿಂದು ಅದಕ್ಕೆ ಮಾತು ಬರುತ್ತದೆ. ಮಾತು ಬಂದ ಕೂಡಲೇ ಅದು ಹೇಳುವುದು ಸುಳ್ಳು: ಗಿಳಿಯನ್ನು ತಿಂದದ್ದು ತಾನಲ್ಲ ಅಂತ.

ಅಲ್ಲಿಗೇ ನಾನು ಸೋತುಹೋದೆ. ಮೂರು ತಿಂಗಳಿಂದ ಈ ಪುಸ್ತಕ ನನ್ನ ಅಂಗಡಿಯ ಟೇಬಲ್ ಬಿಟ್ಟು ಕದಲಿದ್ದೇ ಕಡಿಮೆ. ರಾಯಚೂರಿನ ತೀನ್ ಕಂದೀಲ್ ಹತ್ತಿರ ನಂದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಪೋಸ್ಟರ್, ಇದೇ ಕೆಲಸ. ದಿನವಿಡೀ ಅಕ್ಷರ ಮತ್ತು ಚಿತ್ರವನ್ನು ಒಂದು ಹಾಳೆಯಲ್ಲಿ ಕೂಡಿಸುವವನಿಗೆ ಗ್ರಾಫಿಕ್ ಕಾದಂಬರಿ, ಅಂದರೆ ಚಿತ್ರಗಳಲ್ಲೇ ನಡೆಯುವ ಕಾದಂಬರಿ, ಹಬ್ಬದ ಊಟ. ಹಾಗಾಗಿ ಒಬ್ಬ ಓದುಗನಾಗಿ, ಸ್ವಲ್ಪ ಕಸುಬುದಾರನಾಗಿಯೂ ಬರೆಯುತ್ತಿದ್ದೇನೆ.

ಪುಸ್ತಕದ ಹೆಸರಿನ ಅರ್ಥ ರಬ್ಬಿಯ ಬೆಕ್ಕು ಅಂತ. ರಬ್ಬಿ ಅಂದರೆ ಯಹೂದಿಗಳ ಧರ್ಮಗುರು. ಬರೆದು ಚಿತ್ರಿಸಿದವನು ಜೋವಾನ್ ಸ್ಫಾರ್ ಎಂಬ ಫ್ರೆಂಚ್ ಕಲಾವಿದ. ಮೂಲ ಫ್ರೆಂಚಿನಲ್ಲಿ ಮೊದಲ ಭಾಗ 2002ರಲ್ಲಿ ಬಂತು. ಅಲ್ಲಿ ಬೇರೆ ಬೇರೆಯಾಗಿ ಬಂದ ಮೂರು ಭಾಗಗಳನ್ನು ಸೇರಿಸಿ 2005ರಲ್ಲಿ ಇಂಗ್ಲಿಷಿನಲ್ಲಿ ಒಂದು ಸಂಪುಟ ಮಾಡಿದರು. ಮುಂದಿನ ಎರಡು ಭಾಗ ಸೇರಿ ಎರಡನೇ ಸಂಪುಟವಾಗಿ 2008ರಲ್ಲಿ ಬಂತು. ನನ್ನ ಹತ್ತಿರ ಇರುವುದು ಈ ಎರಡು. ಎರಡೂ ಸೇರಿ ನನಗೆ ಎರಡೂವರೆ ಸಾವಿರದ ಹತ್ತಿರ ಬಿತ್ತು. ರಾಯಚೂರಿನಲ್ಲಿ ಅಂಗಡಿಗೆ ಹೋಗಿ ಕೇಳಿದರೆ ಸಿಗುವ ಪುಸ್ತಕ ಅಲ್ಲ ಇದು. ಆನ್‌ಲೈನ್‌ನಲ್ಲೇ ತರಿಸಬೇಕು. ನಾನು ತರಿಸಿದ ಕಡೆಯವರು ಮೊದಲನೆಯದರ ಬದಲು ಎರಡನೆಯದನ್ನೇ ಎರಡು ಪ್ರತಿ ಕಳಿಸಿದರು. ಒಂದರ ಮೂಲೆ ಮಡಚಿಕೊಂಡು ಬೇರೆ ಬಂದಿತ್ತು. ವಾಪಸ್ ಮಾಡಿ ಸರಿಯಾದದ್ದು ಕೈಗೆ ಬರುವ ಹೊತ್ತಿಗೆ ಹದಿನೆಂಟು ದಿನ. ಆದ್ದರಿಂದ ತರಿಸುವಾಗ ಸಂಪುಟದ ಸಂಖ್ಯೆಯನ್ನು ಎರಡು ಸಲ ನೋಡಿ, ಮುಖಪುಟಗಳು ಒಂದೇ ಥರ ಕಾಣುತ್ತವೆ.

ಈಗ ಕಥೆಗೆ ಬರೋಣ.

1930ರ ಸುಮಾರಿನ ಅಲ್ಜಿಯರ್ಸ್, ಉತ್ತರ ಆಫ್ರಿಕಾದ ಅಲ್ಜೀರಿಯಾದ ರಾಜಧಾನಿ. ಆಗ ಅಲ್ಜೀರಿಯಾ ಫ್ರೆಂಚರ ಕೈಯಲ್ಲಿತ್ತು. ಒಬ್ಬ ವಯಸ್ಸಾದ ರಬ್ಬಿ, ಅವನ ಮಗಳು ಜ್ಲಾಬಿಯಾ, ಒಂದು ತೆಳ್ಳನೆಯ ಬೂದು ಬೆಕ್ಕು. ಕಥೆ ಹೇಳುವುದು ಬೆಕ್ಕೇ. ಗಿಳಿ ತಿಂದು ಸುಳ್ಳು ಹೇಳಿದ ಬೆಕ್ಕನ್ನು ನೋಡಿ ರಬ್ಬಿಗೆ ದುಃಖವಾಗುತ್ತದೆ. ಮಾತು ಅನ್ನುವ ಇಷ್ಟು ದೊಡ್ಡ ವರ ಸಿಕ್ಕಿದೆ, ಇದು ಅದನ್ನು ಸುಳ್ಳಿಗೆ ಬಳಸುತ್ತಿದೆಯಲ್ಲ ಅಂತ. ಬೆಕ್ಕಿಗೆ ಧರ್ಮಪಾಠ ಹೇಳಿಕೊಡಲು ಕೂರುತ್ತಾನೆ. ಪಾಠ ಮುಗಿಯುವ ತನಕ ಮಗಳ ಹತ್ತಿರ ಸುಳಿಯಕೂಡದು ಅಂತ ಕಟ್ಟಪ್ಪಣೆ ಮಾಡುತ್ತಾನೆ. ಬೆಕ್ಕಿಗೆ ಜ್ಲಾಬಿಯಾಳ ಮಡಿಲೇ ಸ್ವರ್ಗ. ಅದಕ್ಕೆ ಅದು ಒಂದು ದಾರಿ ಹುಡುಕುತ್ತದೆ: ನನಗೂ ಬಾರ್ ಮಿತ್ಸ್ವಾ ಮಾಡಿಸಿ. ಯಹೂದಿ ಹುಡುಗರಿಗೆ ಹದಿಮೂರು ತುಂಬಿದಾಗ ಮಾಡುವ ಸಂಸ್ಕಾರ ಅದು. ಅಂದಿನಿಂದ ಧರ್ಮದ ಹೊಣೆ ಅವನ ಹೆಗಲಿಗೆ ಬಂತು ಅಂತ ಲೆಕ್ಕ. ನಮ್ಮಲ್ಲಿ ಅಯ್ಯಾಚಾರವೋ ಮುಂಜಿಯೋ ಆದಂತೆ ಅಂದುಕೊಳ್ಳಿ, ಪೂರ್ತಿ ಅದೇ ಅಲ್ಲ, ಆದರೆ ಮನೆಯಲ್ಲಿ ಆಗುವ ಗದ್ದಲ ಅದೇ.

ರಬ್ಬಿ ತನ್ನ ಗುರುವಿನ ಹತ್ತಿರ ಬೆಕ್ಕನ್ನು ಕರೆದುಕೊಂಡು ಹೋಗುತ್ತಾನೆ. ಇಲ್ಲಿ ಬರುವ ವಾದವನ್ನು ನಾನು ಹತ್ತು ಸಲವಾದರೂ ಓದಿದ್ದೇನೆ. ಬೆಕ್ಕಿಗೆ ಸಂಸ್ಕಾರ ಇಲ್ಲ, ಮನುಷ್ಯನನ್ನು ಮಾತ್ರ ದೇವರು ತನ್ನ ಹಾಗೆ ಮಾಡಿದ್ದಾನೆ ಅನ್ನುತ್ತಾನೆ ಗುರು. ಹಾಗಾದರೆ ದೇವರ ಒಂದು ಚಿತ್ರ ತೋರಿಸಿ ಅನ್ನುತ್ತದೆ ಬೆಕ್ಕು. ದೇವರೆಂದರೆ ರೂಪ ಅಲ್ಲ, ಮಾತು ಅನ್ನುತ್ತಾನೆ ಗುರು. ಸರಿ, ಮಾತು ನನಗೂ ಬರುತ್ತದಲ್ಲ ಅನ್ನುತ್ತದೆ ಬೆಕ್ಕು. ಹೀಗೇ ಏರುತ್ತಾ ಹೋಗಿ ಕೊನೆಗೆ ಬೆಕ್ಕು ನಾನೇ ದೇವರು ಅನ್ನುವ ತನಕ ಹೋಗುತ್ತದೆ, ಗುರು ಇದನ್ನು ನೀರಿನಲ್ಲಿ ಮುಳುಗಿಸು ಅನ್ನುತ್ತಾನೆ.

ಇದನ್ನು ಓದುವಾಗ ನನಗೆ ಹಾವಿನಹಾಳ ಕಲ್ಲಯ್ಯನ ಕಥೆ ನೆನಪಾಯಿತು. ಶರಣ ಕಲ್ಲಯ್ಯ ನಾಯಿಯ ಬಾಯಲ್ಲಿ ವೇದ ಓದಿಸಿದ ಅಂತ ನಾವು ಪುರಾಣ ಹಚ್ಚಿದಾಗ ಕೇಳಿದ್ದೇವೆ. ಅಲ್ಲಿ ನಾಯಿ ಓದಿದ ಕೂಡಲೇ ವಾದ ಮುಗಿಯಿತು. ಎದುರಿಗಿದ್ದವರ ಸೊಕ್ಕು ಇಳಿಯಿತು. ಸ್ಫಾರ್ ಕಥೆಯಲ್ಲಿ ಬೆಕ್ಕು ಮಾತಾಡಿದರೆ ವಾದ ಅಲ್ಲಿಂದ ಶುರು. ಪವಾಡಕ್ಕೆ ಯಾರೂ ಬೆರಗಾಗುವುದಿಲ್ಲ. ಬೆಕ್ಕು ಮಾತಾಡಿತೇ ಅನ್ನುವುದಕ್ಕಿಂತ ಅದು ಆಡಿದ್ದು ಸರಿಯೇ ಅನ್ನುವುದೇ ಅವರಿಗೆ ಮುಖ್ಯ.

ಇದು ಯಹೂದಿ ಸಂಪ್ರದಾಯದ ಒಳಗಿಂದಲೇ ಬಂದದ್ದು. ಅವರ ತಾಲ್ಮುದ್ ಅನ್ನುವ ಗ್ರಂಥ ಇದೆಯಲ್ಲ, ಅದು ಉಪದೇಶ ಅನ್ನುವುದಕ್ಕಿಂತ ಜಾಸ್ತಿ ವಾಗ್ವಾದ. ಒಬ್ಬ ಗುರು ಹೀಗೆ ಅಂದ, ಇನ್ನೊಬ್ಬ ಅದನ್ನು ಒಪ್ಪಲಿಲ್ಲ, ಮೂರನೆಯವನು ಇಬ್ಬರಿಗೂ ಪ್ರಶ್ನೆ ಹಾಕಿದ, ಎಲ್ಲವನ್ನೂ ಹಾಗೇ ಬರೆದಿಟ್ಟಿದ್ದಾರೆ. ಸೋತವನ ಮಾತನ್ನೂ ಅಳಿಸಿಲ್ಲ. ದೇವರ ಜೊತೆಗೂ ಜಗಳ ಆಡಬಹುದು ಅನ್ನುವ ಜನ ಅವರು. ಆ ಜಗಳವನ್ನು ಒಂದು ಮನೆಯೊಳಗೆ ತಂದು, ಒಂದು ಕಡೆ ಬೆಕ್ಕನ್ನೂ ಇನ್ನೊಂದು ಕಡೆ ಪ್ರೀತಿಯ ಮುದುಕನನ್ನೂ ಕೂರಿಸಿದರೆ ಈ ಪುಸ್ತಕ ಆಗುತ್ತದೆ.

ಇದನ್ನು ಫ್ಯಾಂಟಸಿ ಅಂತ ಕರೆಯುತ್ತಾರೆ. ಫ್ಯಾಂಟಸಿ ಅಂದರೆ ನಮ್ಮ ಹುಡುಗರು ಕತ್ತಿ, ಡ್ರ್ಯಾಗನ್, ಮಾಂತ್ರಿಕ ಅಂದುಕೊಳ್ಳುತ್ತಾರೆ. ಸ್ಫಾರ್ ಅದನ್ನೂ ಮಾಡಿದ್ದಾನೆ, ಆ ಮಾತು ಆಮೇಲೆ. ಆದರೆ ಅವನ ಫ್ಯಾಂಟಸಿಯ ಬೇರು ಬೇರೆ ಕಡೆ ಇದೆ. ಪ್ರಾಗ್ ನಗರದ ಗೋಲೆಮ್ ಕಥೆ ಕೇಳಿದ್ದೀರಾ? ಹದಿನಾರನೇ ಶತಮಾನದ ಒಬ್ಬ ರಬ್ಬಿ ಮಣ್ಣಿನಿಂದ ಮನುಷ್ಯಾಕಾರ ಮಾಡಿ, ಅದರ ಹಣೆಯ ಮೇಲೆ ಹೀಬ್ರೂನಲ್ಲಿ 'ಎಮೆತ್' ಅಂತ ಬರೆದನಂತೆ. ಎಮೆತ್ ಅಂದರೆ ಸತ್ಯ. ಗೊಂಬೆಗೆ ಜೀವ ಬಂತು. ಅದನ್ನು ನಿಲ್ಲಿಸಬೇಕಾದರೆ ಮೊದಲ ಅಕ್ಷರ ಅಳಿಸಿದರೆ ಸಾಕು. ಉಳಿಯುವುದು 'ಮೆತ್', ಅಂದರೆ ಸತ್ತ. ಒಂದು ಅಕ್ಷರದಲ್ಲಿ ಜೀವ, ಒಂದು ಅಕ್ಷರದಲ್ಲಿ ಸಾವು. ಅಕ್ಷರ ಜೋಡಿಸಿ ಹೊಟ್ಟೆ ಹೊರೆಯುವ ನನಗೆ ಈ ಕಥೆ ಮೈ ಜುಮ್ಮೆನಿಸಿತು. ಸ್ಫಾರ್ ಈ ಗೋಲೆಮ್‌ನನ್ನು ತನ್ನ ಬೇರೆ ಪುಸ್ತಕಗಳಲ್ಲಿ ಮತ್ತೆ ಮತ್ತೆ ತರುತ್ತಾನೆ. ಗಿಳಿ ತಿಂದ ಬೆಕ್ಕೂ ಅದೇ ವಂಶದ್ದು ಅಂತ ನನ್ನ ಅನಿಸಿಕೆ. ಮಾತಿನಿಂದ ಬಂದ ಜೀವ, ಮಾತಿನಿಂದಲೇ ಹೋಗುತ್ತದೆ. ಮೊದಲ ಭಾಗ ದಾಟಿದ ಮೇಲೆ ಒಂದು ಹಂತದಲ್ಲಿ, ರಬ್ಬಿಗೆ ಒಳ್ಳೆಯದಾಗಲಿ ಅಂತ ಬೆಕ್ಕು ದೇವರನ್ನು ಬೇಡುತ್ತದೆ. ಬೇಡುವಾಗ ಯಾರೂ ಬಾಯಿಬಿಟ್ಟು ಹೇಳಬಾರದ ದೇವರ ಹೆಸರನ್ನು ಹೇಳಿಬಿಡುತ್ತದೆ. ಅಷ್ಟೇ, ಅದರ ಮಾತು ನಿಂತುಹೋಗುತ್ತದೆ. ಸುಳ್ಳು ಹೇಳಿದಾಗ ಉಳಿದ ಮಾತು ಪ್ರಾರ್ಥನೆ ಮಾಡಿದಾಗ ಹೋಯಿತು. ಈ ಪುಟ ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಬೆಕ್ಕು ಬೇಡಿಕೊಂಡದ್ದು ಯಾಕೆ ಅನ್ನುವುದು ನಮ್ಮ ಭಾಗದವರು ತಪ್ಪದೆ ಓದಬೇಕಾದ ವಿಷಯ. ರಬ್ಬಿಗೆ ಸರ್ಕಾರದ ಕಡೆಯಿಂದ ಒಂದು ಪತ್ರ ಬರುತ್ತದೆ. ಅವನು ಅಧಿಕೃತ ರಬ್ಬಿ ಅನ್ನಿಸಿಕೊಳ್ಳಬೇಕಾದರೆ ಫ್ರೆಂಚಿನಲ್ಲಿ ಉಕ್ತಲೇಖನದ ಪರೀಕ್ಷೆ ಪಾಸಾಗಬೇಕು. ಮಾತಾಡುವುದು ಅರಬ್ಬಿ, ಪ್ರಾರ್ಥನೆ ಮಾಡಿಸುವುದು ಹೀಬ್ರೂನಲ್ಲಿ, ಪರೀಕ್ಷೆ ಮಾತ್ರ ಫ್ರೆಂಚಿನಲ್ಲಿ. ಮುದುಕ ರಾತ್ರಿ ದೀಪ ಹಚ್ಚಿಕೊಂಡು ಫ್ರೆಂಚ್ ಕಾಗುಣಿತ ತಿದ್ದುತ್ತಾನೆ.

ನಮ್ಮ ತಾತ ನೆನಪಾದರು. ನಿಜಾಮರ ಕಾಲದಲ್ಲಿ ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು. ತಾತ ಕಲಿತದ್ದು ಉರ್ದು ಶಾಲೆಯಲ್ಲಿ. ಕಂದಾಯದ ಲೆಕ್ಕ, ಅರ್ಜಿ, ಎಲ್ಲಾ ಉರ್ದುವಿನಲ್ಲಿ ಬರೆಯುತ್ತಿದ್ದರು. 1948ರಲ್ಲಿ ಸಂಸ್ಥಾನ ಹೋಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಇದ್ದಕ್ಕಿದ್ದಂತೆ ಕಚೇರಿಯ ಕಾಗದ ಕನ್ನಡದಲ್ಲಿ ಬೇಕಾಯಿತು. ಮನೆಯಲ್ಲಿ ಆಡುವ ಭಾಷೆಯೇ, ಆದರೆ ಅದನ್ನು ಬರೆದು ರೂಢಿ ಇರಲಿಲ್ಲ. ನಲವತ್ತರ ವಯಸ್ಸಿನಲ್ಲಿ ಮಗನ ಪಾಟಿಯ ಮೇಲೆ ಒತ್ತಕ್ಷರ ತಿದ್ದುತ್ತಿದ್ದರಂತೆ. ಅವ್ವ ಇದನ್ನು ಎಷ್ಟೋ ಸಲ ಹೇಳಿದ್ದಳು, ನಾನು ಕಿವಿಗೊಟ್ಟಿರಲಿಲ್ಲ. ಸಮುದ್ರದಾಚೆಯ ಒಬ್ಬ ಯಹೂದಿ ಮುದುಕನ ಚಿತ್ರ ನೋಡಿ ಆ ದೃಶ್ಯ ನನ್ನ ಕಣ್ಣಿಗೆ ಕಟ್ಟಿತು.

ಸ್ವಲ್ಪ ಇತಿಹಾಸ ತಿಳಿದಿದ್ದರೆ ಓದು ಇನ್ನೂ ಗಟ್ಟಿಯಾಗುತ್ತದೆ. ಫ್ರೆಂಚರು ಅಲ್ಜಿಯರ್ಸ್ ಹಿಡಿದದ್ದು 1830ರಲ್ಲಿ. 1870ರಲ್ಲಿ ಒಂದು ಆಜ್ಞೆ ಹೊರಡಿಸಿ ಅಲ್ಲಿನ ಯಹೂದಿಗಳಿಗೆ ಫ್ರೆಂಚ್ ಪೌರತ್ವ ಕೊಟ್ಟರು. ಪಕ್ಕದ ಮನೆಯ ಮುಸ್ಲಿಮರಿಗೆ ಕೊಡಲಿಲ್ಲ. ನೂರಾರು ವರ್ಷ ಒಂದೇ ಓಣಿಯಲ್ಲಿ, ಒಂದೇ ಭಾಷೆ ಆಡಿಕೊಂಡು ಇದ್ದವರ ನಡುವೆ ಕಾಗದದ ಗೋಡೆ ಎದ್ದಿತು. 1940ರಲ್ಲಿ, ಹಿಟ್ಲರನಿಗೆ ಶರಣಾದ ಫ್ರೆಂಚ್ ಸರ್ಕಾರ ಆ ಪೌರತ್ವವನ್ನೂ ಕಿತ್ತುಕೊಂಡಿತು. ಆಮೇಲೆ ವಾಪಸ್ ಕೊಟ್ಟರು. 1962ರಲ್ಲಿ ಅಲ್ಜೀರಿಯಾಕ್ಕೆ ಸ್ವಾತಂತ್ರ್ಯ ಬಂತು. ಆ ಹೊತ್ತಿಗೆ ಒಂದು ಲಕ್ಷಕ್ಕೂ ಜಾಸ್ತಿ ಯಹೂದಿಗಳು ಊರು ಬಿಟ್ಟರು, ಹೆಚ್ಚಿನವರು ಹೋದದ್ದು ಫ್ರಾನ್ಸಿಗೆ. ಅಂದರೆ ಈ ಪುಸ್ತಕದ ಓಣಿ, ಅಂಗಳ, ಮಹಡಿ, ಅಲ್ಲಿನ ಹಾಡು, ಯಾವುದೂ ಈಗ ಆ ರೂಪದಲ್ಲಿ ಇಲ್ಲ. ಸ್ಫಾರ್ ಹುಟ್ಟಿದ್ದು 1971ರಲ್ಲಿ, ಫ್ರಾನ್ಸಿನ ನೀಸ್ ನಗರದಲ್ಲಿ. ತಂದೆಯ ಕಡೆಯವರು ಅಲ್ಜೀರಿಯಾದ ಯಹೂದಿಗಳು, ತಾಯಿಯ ಕಡೆಯವರು ಉಕ್ರೇನ್ ಕಡೆಯಿಂದ ಬಂದವರು. ಅವನು ಚಿಕ್ಕ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡಳು. ತಾನು ಎಂದೂ ಬಾಳದ ಊರನ್ನು, ಹಿರಿಯರ ಬಾಯಿಂದ ಕೇಳಿದ್ದನ್ನು, ಕೂತು ಚಿತ್ರದಲ್ಲಿ ಕಟ್ಟಿದ್ದಾನೆ. ಕಥೆಯ ರಬ್ಬಿಗೆ ತನ್ನ ಮನೆತನದ ಹೆಸರನ್ನೇ ಇಟ್ಟಿದ್ದಾನೆ.

ಆ ಹೆಸರಿನ ಬಗ್ಗೆಯೇ ಒಂದು ಸೊಗಸಾದ ಪ್ರಸಂಗ ಇದೆ. ರಬ್ಬಿ ಒಬ್ಬ ಹಿರಿಯನ ಗೋರಿಗೆ ಹೊರಟಿರುತ್ತಾನೆ. ದಾರಿಯಲ್ಲಿ ಒಬ್ಬ ಮುಸ್ಲಿಂ ಶೇಖ್ ಸಿಗುತ್ತಾನೆ, ಹಾಡುವವನು, ಜೊತೆಗೊಂದು ಕತ್ತೆ. ಅವನ ಮನೆತನದ ಹೆಸರೂ ಸ್ಫಾರ್. ಅವನು ಹೊರಟಿರುವುದೂ ಅದೇ ಗೋರಿಗೆ. ಗೋರಿಯಲ್ಲಿರುವ ಹಿರಿಯ ಯಹೂದಿ ಅಂತ ರಬ್ಬಿ, ಮುಸ್ಲಿಂ ಅಂತ ಶೇಖ್. ಇಬ್ಬರೂ ಕೂಡಿ ಹಾಡುತ್ತಾರೆ, ಕುಣಿಯುತ್ತಾರೆ. ಜಗಳ ಆಡುವುದು ಬೆಕ್ಕು ಮತ್ತು ಕತ್ತೆ. ಸ್ಫಾರ್ ಅನ್ನುವುದು ಹೀಬ್ರೂ ಪದ, ಬರೆಯುವವನು ಅಂತ ಅರ್ಥ ಅನ್ನುತ್ತದೆ ಬೆಕ್ಕು. ಅಲ್ಲ, ಅರಬ್ಬಿ ಪದ, ಹಳದಿ ಬಣ್ಣಕ್ಕೆ ಸಂಬಂಧಿಸಿದ್ದು ಅನ್ನುತ್ತದೆ ಕತ್ತೆ. ಯಜಮಾನರು ಹಾಡುತ್ತಿದ್ದಾರೆ, ಸಾಕಿದ ಪ್ರಾಣಿಗಳು ಪದದ ಮೂಲಕ್ಕೆ ಕಿತ್ತಾಡುತ್ತಿವೆ.

ಮುದ್ಗಲ್ಲಿನ ಮೊಹರಂ ನೋಡಿದವರಿಗೆ ಈ ಪುಟಗಳಿಗೆ ಟಿಪ್ಪಣಿ ಬೇಕಿಲ್ಲ. ಅಲಾಯಿ ಕುಣಿಯುವವರಲ್ಲಿ ಯಾರು ಯಾವ ಜಾತಿ ಅಂತ ಹುಡುಕಿದರೆ ಸಿಗುವುದಿಲ್ಲ. ಪೀರಲ ದೇವರು ಅಂತ ನಾವು ಕರೆಯುತ್ತೇವೆ, ಆ ಹೆಸರಿನಲ್ಲಿಯೇ ಎರಡು ಮನೆ ಕೂಡಿವೆ. ಮೊಹರಮ್ಮಿನ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ನಾನು ಚಿಕ್ಕವನಿದ್ದಾಗ ಅವ್ವ ಹರಕೆ ಹೊತ್ತು ನನ್ನನ್ನೂ ಒಂದು ವರ್ಷ ಫಕೀರನನ್ನಾಗಿ ಮಾಡಿದ್ದಳು. ಆ ಫೋಟೋ ಮನೆಯಲ್ಲಿದೆ. ಆ ಗೋರಿಯ ಮುಂದೆ ರಬ್ಬಿ ಮತ್ತು ಶೇಖ್ ಕುಣಿಯುವ ಚಿತ್ರ ನೋಡಿ ನಾನು ಆ ಫೋಟೋ ತೆಗೆದು ಪಕ್ಕಕ್ಕಿಟ್ಟು ನೋಡಿದೆ.

ಇನ್ನೊಂದು ಸಣ್ಣ ಸಂಗತಿ. ಮಗಳ ಹೆಸರು ಜ್ಲಾಬಿಯಾ ಅಂದೆನಲ್ಲ, ಅದು ಆ ಕಡೆಯ ಒಂದು ಸಿಹಿತಿಂಡಿಯ ಹೆಸರು. ಹಿಟ್ಟನ್ನು ಎಣ್ಣೆಯಲ್ಲಿ ಸುತ್ತು ಸುತ್ತಾಗಿ ಬಿಟ್ಟು ಕರಿದು ಪಾಕಕ್ಕೆ ಹಾಕುತ್ತಾರೆ. ಗೊತ್ತಾಯಿತಲ್ವಾ? ನಮ್ಮ ಜಿಲೇಬಿ. ಅರಬ್ಬಿಯ ಜಲಾಬಿಯಾ ಪಾರಸಿಯ ದಾರಿ ಹಿಡಿದು ಬಂದು ನಮ್ಮಲ್ಲಿ ಜಿಲೇಬಿಯಾಯಿತು. ನಮ್ಮ ಅಂಗಡಿಯ ಎದುರಿಗೆ ಹೊಲಿಗೆ ಮಷಿನ್ ಇಟ್ಟುಕೊಂಡಿರುವ ಚಾಚಾಗೆ ಇದನ್ನು ಹೇಳಿದೆ. ಅವರು ಮಷಿನ್ ನಿಲ್ಲಿಸಿ ಪುಸ್ತಕ ಇಸಿದುಕೊಂಡು ಆ ಹುಡುಗಿಯ ಚಿತ್ರ ನೋಡಿದರು, "ಹೆಸರು ಇಟ್ಟೋರು ಚಲೋ ಇಟ್ಟಾರ" ಅಂದರು. ಆಮೇಲೆ ಮೂರು ದಿನ ಪುಸ್ತಕ ಅವರ ಮಷಿನ್ ಮೇಲೇ ಇತ್ತು. ಇಂಗ್ಲಿಷ್ ಓದಲು ಬರದಿದ್ದರೂ ಚಿತ್ರ ನೋಡುತ್ತಾ ಕಥೆ ಕೇಳಿ ತಿಳಿದುಕೊಂಡರು.

ಚಿತ್ರಗಳ ಬಗ್ಗೆ ಹೇಳಬೇಕು. ಮೊದಲ ಸಲ ತೆರೆದಾಗ ನಿಮಗೆ ನಿರಾಸೆ ಆದರೂ ಆಗಬಹುದು. ಗೆರೆ ನಡುಗುತ್ತದೆ. ಬೆಕ್ಕು ಒಂದು ಚೌಕದಲ್ಲಿ ಕಂಡಂತೆ ಮುಂದಿನದರಲ್ಲಿ ಇರುವುದಿಲ್ಲ. ಒಂದು ಕಡೆ ಹಾವಿನಂತೆ ಉದ್ದ, ಇನ್ನೊಂದು ಕಡೆ ಬರೀ ಕಣ್ಣು ಮತ್ತು ಕಿವಿ. ಅಚ್ಚುಕಟ್ಟಾದ ಗೆರೆಗೆ ಒಗ್ಗಿದ ಕಣ್ಣಿಗೆ ಇದು ಅವಸರದಲ್ಲಿ ಬರೆದಂತೆ ಕಾಣುತ್ತದೆ. ಹತ್ತು ಪುಟ ತಾಳಿ. ಬೆಕ್ಕಿನ ಮನಸ್ಸು ಹೇಗಿದೆಯೋ ಮೈ ಹಾಗಿರುತ್ತದೆ ಅಂತ ಅರ್ಥವಾಗುತ್ತದೆ. ಸುಳ್ಳು ಹೇಳುವಾಗ ಜಾರುತ್ತದೆ, ಹೆದರಿದಾಗ ಮುದುಡುತ್ತದೆ, ಜ್ಲಾಬಿಯಾಳ ಮಡಿಲಲ್ಲಿ ದಿಂಬಿನಂತೆ ಹರಡಿಕೊಳ್ಳುತ್ತದೆ.

ಗೆರೆ ಇಷ್ಟು ಸಡಿಲ ಇರುವಾಗ ಪುಟದ ಕಟ್ಟು ಬಿಗಿಯಾಗಿದೆ. ಪುಟಕ್ಕೆ ಆರು ಚೌಕ, ಮೂರು ಸಾಲು, ಸಾಲಿಗೆ ಎರಡು. ಎಲ್ಲಾ ಒಂದೇ ಅಳತೆ. ಕಸುಬಿನ ಕಣ್ಣಿನಿಂದ ಹೇಳುತ್ತೇನೆ, ಇದು ಸುಲಭ ಅಲ್ಲ. ಪುಟ ಒಡೆದು ದೊಡ್ಡ ಚಿತ್ರ ಹಾಕಿ ಓದುಗನನ್ನು ಬೆರಗುಗೊಳಿಸುವ ಆಸೆಯನ್ನು ತಡೆದುಕೊಂಡು, ತಾಳ ತಪ್ಪದೆ ಆರು ಆರು ಚೌಕದಲ್ಲಿ ಕಥೆ ನಡೆಸಬೇಕು. ಭಜನೆಯ ತಾಳದ ಹಾಗೆ. ತಾಳ ಗಟ್ಟಿ ಇದ್ದರೆ ಹಾಡುವವನು ಎಷ್ಟು ಬೇಕಾದರೂ ಆಲಾಪ ಮಾಡಬಹುದು.

ಬಣ್ಣ ಹಚ್ಚಿದವರು ಬ್ರಿಜಿತ್ ಫಿಂದಕ್ಲಿ. ಅವರು ಹುಟ್ಟಿದ್ದು ಇರಾಕಿನ ಮೋಸುಲ್‌ನಲ್ಲಿ. ಬಿಸಿಲಿನ ಊರಿನ ಬೆಳಕು ಹೇಗಿರುತ್ತದೆ ಅಂತ ಈ ಪುಟಗಳಲ್ಲಿ ಕಾಣುತ್ತದೆ. ಮಧ್ಯಾಹ್ನದ ಹಳದಿ, ಸಂಜೆ ಗೋಡೆಯ ಮೇಲಿನ ಕೆಂಪು, ರಾತ್ರಿ ಮಹಡಿಯ ಮೇಲಿನ ನೀಲಿ. ಮೇ ತಿಂಗಳಲ್ಲಿ ಸಂಜೆ ಆರಕ್ಕೆ ಮಾವಿನಕೆರೆಯ ದಂಡೆಗೆ ನಿಂತು ಕೋಟೆಯ ಗುಡ್ಡ ನೋಡಿದರೆ ಬಂಡೆಗೆ ಬರುವ ಬಣ್ಣ ಇದೆಯಲ್ಲ, ಆ ಬಣ್ಣವನ್ನು ನಾನು ಎಷ್ಟೋ ಪೋಸ್ಟರಿನಲ್ಲಿ ಹಿಡಿಯಲು ನೋಡಿದ್ದೇನೆ. ಅದು ಇಲ್ಲಿದೆ. ಕಥೆ ಪ್ಯಾರಿಸ್ಸಿಗೆ ಹೋದ ಕೂಡಲೇ ಬಣ್ಣ ಬೂದಿಯಾಗುತ್ತದೆ. ಮಳೆ. ರಬ್ಬಿಯ ಮುಖವೂ ಹಾಗೇ ಆಗುತ್ತದೆ.

ಕುಂದುಗಳೂ ಇವೆ. ಅಕ್ಷರ ಸಣ್ಣದು. ನಲವತ್ತು ದಾಟಿದವರು ಕನ್ನಡಕ ಹಾಕಿಕೊಂಡೇ ಓದಬೇಕು. ಮಾತು ಜಾಸ್ತಿ ಇರುವ ಪುಟಗಳಲ್ಲಿ ಅಕ್ಷರ ಚಿತ್ರವನ್ನು ಒತ್ತುತ್ತದೆ. ಪ್ಯಾರಿಸ್ಸಿನ ಭಾಗ ನಡುವೆ ಸ್ವಲ್ಪ ಎಳೆದಂತೆ ಅನಿಸಿತು. ಎರಡನೇ ಸಂಪುಟದ ದೊಡ್ಡ ಕಥೆಯಲ್ಲಿ, ಪುಸ್ತಕದ ಪೆಟ್ಟಿಗೆಯಲ್ಲಿ ಅಡಗಿ ಬಂದ ಒಬ್ಬ ರಷ್ಯನ್ ಚಿತ್ರಕಾರನ ಜೊತೆ ಎಲ್ಲರೂ ಆಫ್ರಿಕಾದ ಒಳಗೆ ಕಪ್ಪು ಯಹೂದಿಗಳ ಜೆರುಸಲೇಮ್ ಹುಡುಕಿಕೊಂಡು ಹೊರಡುತ್ತಾರೆ. ಎಷ್ಟು ಒಳ್ಳೆಯ ಎಳೆ! ಆದರೆ ಕೊನೆಗೆ ಅವಸರ ಮಾಡಿದ್ದಾನೆ. ಇನ್ನೂ ಐವತ್ತು ಪುಟ ಬೇಕಿತ್ತು. ಮತ್ತೆ ಜ್ಲಾಬಿಯಾ. ಅವಳು ಓದುವವಳು, ಯೋಚಿಸುವವಳು ಅಂತ ಗೊತ್ತಾಗುತ್ತದೆ, ಆದರೆ ಅವಳನ್ನು ನಾವು ಬೆಕ್ಕಿನ ಪ್ರೀತಿಯ ಕಣ್ಣಿನಿಂದ ಮಾತ್ರ ನೋಡುತ್ತೇವೆ. ಬೆಕ್ಕಿಗೆ ಇಷ್ಟು ಮಾತು ಕೊಟ್ಟವನು ಮಗಳಿಗೂ ಒಂದಿಷ್ಟು ಕೊಡಬೇಕಿತ್ತು. ಇದು ನನ್ನ ದೊಡ್ಡ ದೂರು.

ಇನ್ನೊಂದು ಎಚ್ಚರಿಕೆ. ಬೆಕ್ಕಿನ ಚಿತ್ರ ಇದೆ ಅಂತ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ರಬ್ಬಿಯ ಶಿಷ್ಯನೊಬ್ಬ ಸೂಳೆಗೇರಿಗೆ ಹೋಗುವ ಪ್ರಸಂಗ ಇದೆ, ಬೆಕ್ಕಿನ ರಾತ್ರಿ ಸಂಚಾರವೂ ಇದೆ. ಹದಿನಾರು ದಾಟಿದವರಿಗೆ ಸರಿ. ಅಕ್ಕನ ಮಗಳಿಗೆ ಹತ್ತು ವರ್ಷ, ಅವಳಿಗೆ ನಾನು ತರಿಸಿಕೊಟ್ಟದ್ದು ಸ್ಫಾರ್‌ನದೇ 'ಲಿಟಲ್ ವ್ಯಾಂಪೈರ್'. ರಕ್ತಪಿಶಾಚಿಯ ಮನೆಯ ಹುಡುಗನಿಗೆ ಶಾಲೆಗೆ ಹೋಗುವ ಆಸೆ. ಅವನು ಗೆಳೆತನ ಮಾಡುವುದು ಮಿಶೆಲ್ ಅನ್ನುವ ಹುಡುಗನ ಜೊತೆ. ಮಿಶೆಲ್ ತಬ್ಬಲಿ, ಯಹೂದಿ ಅಜ್ಜ ಅಜ್ಜಿಯ ಹತ್ತಿರ ಬೆಳೆಯುತ್ತಿರುವವನು. ತಾಯಿಯನ್ನು ಬೇಗ ಕಳೆದುಕೊಂಡ ಕಲಾವಿದ ತಬ್ಬಲಿ ಹುಡುಗನಿಗೆ ಒಂದು ಮನೆ ತುಂಬ ದೆವ್ವಗಳನ್ನು ಗೆಳೆಯರನ್ನಾಗಿ ಕೊಟ್ಟಿದ್ದಾನೆ ಅಂತ ನಾನು ಓದಿಕೊಂಡೆ. ಅವಳು ಅಷ್ಟೆಲ್ಲ ಯೋಚಿಸಲಿಲ್ಲ, "ಮಾವ, ಇನ್ನೊಂದು ತರಿಸು" ಅಂದಳು.

ಕತ್ತಿ, ಡ್ರ್ಯಾಗನ್ ಬೇಕಾದವರಿಗೆ 'ಡಂಜನ್' ಇದೆ. ಲೂಯಿಸ್ ಟ್ರಾಂಡೈಮ್ ಎಂಬ ಇನ್ನೊಬ್ಬ ಫ್ರೆಂಚ್ ಕಲಾವಿದನ ಜೊತೆ ಸೇರಿ ಸ್ಫಾರ್ 1998ರಿಂದ ಮಾಡುತ್ತಿರುವ ಸರಣಿ. ಒಂದು ಬಾತುಕೋಳಿ, ಒಂದು ಡ್ರ್ಯಾಗನ್, ಒಂದು ಕೋಟೆ. ಅದರಲ್ಲಿ ಯಹೂದಿಗಳು ಇಲ್ಲ, ಆದರೂ ಆ ಕಣ್ಣು ಇದೆ. ಡ್ರ್ಯಾಗನ್ ಮಾರ್ವಿನ್ ಮಾಂಸ ಮುಟ್ಟುವುದಿಲ್ಲ. ತನ್ನನ್ನು ಬೈದವನ ಮೇಲೆ ಕೈ ಎತ್ತಬಾರದು ಅಂತ ಅವನ ಧರ್ಮದ ಕಟ್ಟಳೆ. ಶತ್ರುಗಳು ಅದನ್ನು ತಿಳಿದುಕೊಂಡು ಬೈದು ಬಚಾವಾಗುತ್ತಾರೆ. ಕಟ್ಟಳೆ ಪಾಲಿಸುವವನ ಸಂಕಟ, ಅದರ ಒಳಗೇ ದಾರಿ ಹುಡುಕುವ ಬುದ್ಧಿ, ಇದು ರಬ್ಬಿಯ ಮನೆಯದೇ ಸರಕು.

ಸ್ಫಾರ್ ಮಾಡಿದ ಇನ್ನೊಂದು ಪುಸ್ತಕ 'ಕ್ಲೆಜ್ಮರ್' ಬಗ್ಗೆ ಹೇಳದೆ ಬಿಡಲು ಮನಸ್ಸು ಬರುತ್ತಿಲ್ಲ. ಇದು ಅವನ ತಾಯಿಯ ಕಡೆಯ ಲೋಕ, ಪೂರ್ವ ಯೂರೋಪಿನ ಯಹೂದಿಗಳದ್ದು. ಕ್ಲೆಜ್ಮರ್ ಅಂದರೆ ಮದುವೆಗಳಲ್ಲಿ ನುಡಿಸುತ್ತಾ ಊರೂರು ಅಲೆಯುವ ವಾದ್ಯದವರ ಸಂಗೀತ. ಪದದ ಮೂಲ ಅರ್ಥ ಹಾಡಿನ ವಾದ್ಯ ಅಂತ. ನಮ್ಮ ವಾಜಂತ್ರಿಯವರು ಅನ್ನಿ. ಒಂದು ಮೇಳದವರನ್ನೆಲ್ಲಾ ಎದುರಾಳಿ ಮೇಳದವರು ಕೊಂದುಹಾಕುತ್ತಾರೆ, ಒಬ್ಬ ಉಳಿಯುತ್ತಾನೆ. ಗುರುವಿನ ಕೋಟು ಕದ್ದು ಧರ್ಮಪಾಠದ ಶಾಲೆಯಿಂದ ಹೊರಬಿದ್ದ ಒಬ್ಬ ಹುಡುಗ ಇದ್ದಾನೆ, ಊರು ಬಿಟ್ಟು ಬಂದ ಒಬ್ಬ ಹಾಡುವ ಹುಡುಗಿ ಇದ್ದಾಳೆ. ಇಂಥವರೆಲ್ಲ ಸೇರಿ ಹೊಸ ಮೇಳ ಕಟ್ಟುತ್ತಾರೆ. ನೀರುಬಣ್ಣದಲ್ಲಿ ಬಿಡಿಸಿದ್ದಾನೆ. ಹಾಡು ಜೋರಾದಾಗ ಬಣ್ಣ ಗೆರೆಯನ್ನು ದಾಟಿ ಹರಿಯುತ್ತದೆ. ಕಾಗದದ ಮೇಲೆ ಸಂಗೀತ ಕೇಳಿಸಬಹುದು ಅಂತ ನನಗೆ ತೋರಿಸಿದ ಪುಸ್ತಕ ಇದು.

ರಬ್ಬಿಯ ಬೆಕ್ಕು ಸಿನಿಮಾ ಕೂಡ ಆಗಿದೆ, 2011ರಲ್ಲಿ. ಸ್ಫಾರ್ ತಾನೇ ಇನ್ನೊಬ್ಬರ ಜೊತೆ ನಿರ್ದೇಶಿಸಿದ. ಫ್ರಾನ್ಸಿನ ಸೆಸಾರ್ ಪ್ರಶಸ್ತಿಯೂ ಬಂತು. ನೋಡಲು ಚೆಂದ, ಆದರೆ ಪುಸ್ತಕದಲ್ಲಿ ನಾವು ನಿಂತು ಯೋಚಿಸುವ ಜಾಗದಲ್ಲಿ ಸಿನಿಮಾ ಮುಂದೆ ಓಡುತ್ತದೆ. ಮೊದಲು ಪುಸ್ತಕ ಓದಿ.

ಒಂದನ್ನೇ ಕೊಳ್ಳುವುದಾದರೆ ಮೊದಲ ಸಂಪುಟ ತೆಗೆದುಕೊಳ್ಳಿ. ಎರಡನೆಯದು ಇಷ್ಟವಾದರೆ ಆಮೇಲೆ. ಒಂದೇ ಏಟಿಗೆ ಓದಬೇಡಿ. ನಾನು ದಿನಕ್ಕೆ ಎಂಟು ಹತ್ತು ಪುಟ, ಮಧ್ಯಾಹ್ನ ಬಿಸಿಲಿಗೆ ಗಿರಾಕಿ ಬರದ ಹೊತ್ತಿನಲ್ಲಿ ಓದಿದೆ. ಇಂಗ್ಲಿಷ್ ಕಷ್ಟ ಇಲ್ಲ, ಸಣ್ಣ ಸಣ್ಣ ವಾಕ್ಯ. ಪಿಯುಸಿ ಓದುವ ಹುಡುಗರು ಆರಾಮಾಗಿ ಓದಬಹುದು.

ಕನ್ನಡದಲ್ಲಿ ಇದನ್ನು ಓದುವ ಆಸೆ ತಡೆಯಲಾಗದೆ ನನಗೋಸ್ಕರ ನಾಲ್ಕು ಪುಟದ ಮಾತುಗಳನ್ನು ಕನ್ನಡಕ್ಕೆ ತಂದೆ. ಮೊದಲು ಪುಸ್ತಕದ ಭಾಷೆಯಲ್ಲಿ ಬರೆದೆ. ಬೆಕ್ಕು ಮೇಷ್ಟ್ರ ಥರ ಮಾತಾಡಿತು, ಸರಿ ಬರಲಿಲ್ಲ. ಅಳಿಸಿ ರಾಯಚೂರು ಮಾತಿನಲ್ಲಿ ಬರೆದೆ: "ನಾ ತಿಂದಿಲ್ರೀ, ಅದು ಎಲ್ಲೋ ಕೆಲಸಕ್ಕ ಹೋಗ್ಯಾದ." ಬೆಕ್ಕಿಗೆ ಜೀವ ಬಂತು. ರಾತ್ರಿ ಊಟ ಆದ ಮೇಲೆ ಅವ್ವನಿಗೆ ಚಿತ್ರ ತೋರಿಸುತ್ತಾ ಓದಿ ಹೇಳಿದೆ. ಗುರು ಬೆಕ್ಕನ್ನು ಮುಳುಗಿಸು ಅನ್ನುವ ಪುಟಕ್ಕೆ ಬಂದಾಗ ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು.

"ಆ ಮುದುಕ ಮುಳುಗಸ್ತಾನೇನು?"

"ಇಲ್ಲವ್ವಾ, ಮನಿಗೆ ಕರ್ಕೊಂಡು ಹೋಗ್ತಾನ."

"ಮತ್ತ ಗುರುವಿನ ಮಾತು ಮೀರಿದಂಗಾತಲ್ಲ."

"ಹೌದು."

ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿದಳು. ಮುದುಕ, ಗಡ್ಡ, ಕಾಲ ಬಳಿ ಬೆಕ್ಕು.

"ಚಲೋ ಮಾಡ್ದ," ಅಂದಳು. "ಮುಂದಿನ ಹಾಳಿ ತೆಗಿ."